ಬೆರಳಿನ ಕೌಂಟರ್: ಒತ್ತುವ ವೇಗ ಬೇರೆ, ಎಣಿಸುವ ವೇಗ ಬೇರೆ

ಅಂಗಳದಲ್ಲಿ ತೆಂಗಿನಕಾಯಿ ಎಣಿಸುತ್ತ ಅರವತ್ತಮೂರೋ ಅರವತ್ತನಾಲ್ಕೋ ಎಂಬಲ್ಲಿಗೆ ಬಂದಾಗ ಒಳಗಿನಿಂದ "ಚಾಯ ಮಾಡಲಾ, ಮಜ್ಜಿಗೆ ಸಾಕಾ?" ಎಂದು ಯಾರಾದರೂ ಕೇಳಿದರೆ ಮುಗಿಯಿತು, ಮತ್ತೆ ಒಂದರಿಂದ ಶುರು. ಉಂಗುರದಂತೆ ಬೆರಳಿಗೆ ಹಾಕಿಕೊಳ್ಳುವ ಡಿಜಿಟಲ್ ಕೌಂಟರ್ ಈ ತಾಪತ್ರಯಕ್ಕೆ ಒಳ್ಳೆಯ ಮದ್ದು. ಪೂಜಾ ಸಾಮಾನಿನ ಅಂಗಡಿಯಲ್ಲಿ ಜಪದ ಕೌಂಟರ್ ಎಂದು ಸಿಗುವುದೂ, ಕಾಸರಗೋಡು ಪೇಟೆಯಲ್ಲಿ ತಸ್ಬೀಹ್ ಕೌಂಟರ್ ಎಂದು ಸಿಗುವುದೂ ಒಂದೇ ವಸ್ತು.

ಇದರಲ್ಲಿ ದೊಡ್ಡ ಗುಂಡಿ ಎಣಿಕೆಗೆ, ಚಿಕ್ಕದು ಸೊನ್ನೆಗೆ ತರಲು. ಪರದೆಯಲ್ಲಿ ಸಾಮಾನ್ಯವಾಗಿ 5 ಅಂಕಿ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಒತ್ತಿದಾಗ ಟಿಕ್ ಎಂದು ಬೆರಳಿಗೆ ಗೊತ್ತಾಗಬೇಕು. ಮೆತ್ತಗಿನ ಗುಂಡಿಯದ್ದು ಸದ್ದು ಮಾಡದು ನಿಜ, ಆದರೆ ಒತ್ತಿತೋ ಇಲ್ಲವೋ ಎಂದು ಪರದೆ ನೋಡುವಷ್ಟರಲ್ಲಿ ಒಂದು ಕಾಯಿ ಕಣ್ಣು ತಪ್ಪಿಸಿ ಹೋಗಿರುತ್ತದೆ. ಎರಡು, ಚಿಕ್ಕ ಗುಂಡಿ ಮುಟ್ಟಿದ ಕೂಡಲೇ ಸೊನ್ನೆಯಾಗುತ್ತದೋ, ಒತ್ತಿ ಹಿಡಿಯಬೇಕೋ? ಒತ್ತಿ ಹಿಡಿಯುವಂಥದ್ದೇ ವಾಸಿ. ಮುಟ್ಟಿದರೆ ಅಳಿಸಿಹೋಗುವ ಕೌಂಟರ್ ಕೈಯಲ್ಲಿದ್ದರೆ ಪ್ರತಿ ನೂರಕ್ಕೆ ಚೀಟಿಯಲ್ಲಿ ಒಂದು ಗೀಟು ಹಾಕಿಕೊಳ್ಳಿ. ಕೆಲಸ ಶುರು ಮಾಡುವ ಮೊದಲು ಕಣ್ಣು ಮುಚ್ಚಿ 20 ಸಲ ಒತ್ತಿ, ತೆರೆದು ನೋಡಿ. 20 ಇಲ್ಲದಿದ್ದರೆ ಆ ಕೌಂಟರ್ ನಂಬಬೇಡಿ.

ಕಾಯಿ ಎಣಿಸುವಾಗ ಎಸೆಯುವವರ ಕೈಗೆ ಕೌಂಟರ್ ಕೊಡಬೇಡಿ. ಎಸೆಯುವವರು ಎರಡು ಕೈಯಲ್ಲೂ ಒಂದೊಂದು ಕಾಯಿ ಹಿಡಿದು ಆಚೆ ಹಾಕಲಿ, ಪಕ್ಕದಲ್ಲಿ ನಿಂತವರು ಜೋಡಿಗೊಂದು ಸಲ ಒತ್ತಲಿ. ಕಾಯಿ ಕೈ ಬಿಟ್ಟ ಕ್ಷಣವೇ ಒತ್ತಬೇಕು; ಎತ್ತುವಾಗ ಒಂದು ಸಲ, ಬೀಳುವಾಗ ಒಂದು ಸಲ ಒತ್ತುವ ಅಭ್ಯಾಸವಾದರೆ ಲೆಕ್ಕ ಕೆಡುತ್ತದೆ. ಪರದೆಯಲ್ಲಿ 50, 100, 150 ಎಂದು ಪ್ರತಿ ಐವತ್ತು ಬಂದಾಗ ಒಂದು ಕಾಯಿಯನ್ನು ಪ್ರತ್ಯೇಕ ಸಾಲಿಗೆ ಇಡಿ. ಆ ಸಾಲಿನ ಒಂದೊಂದು ಕಾಯಿ ಒಂದೊಂದು ನೂರಕ್ಕೆ ಗುರುತು. ಅದು ಆ ನೂರರೊಳಗಿನದ್ದೋ ಹೊರಗಿನದ್ದೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ, ಜಗಳ ಹುಟ್ಟುವುದು ಅಲ್ಲೇ. ಕೊನೆಗೆ ಬಂದ ಅಂಕಿಗೆ ಎರಡರಿಂದ ಗುಣಿಸಿ, ಒಂಟಿ ಕಾಯಿ ಉಳಿದಿದ್ದರೆ ಒಂದು ಸೇರಿಸಿ. ಪರದೆ 437, ಒಂಟಿ 1, ಗುರುತಿನ ಕಾಯಿ ನೂರರೊಳಗಿನದ್ದೇ ಎಂದಾದರೆ ಒಟ್ಟು 875. ಗುರುತಿನ ಸಾಲಿನಲ್ಲಿ 8 ಕಾಯಿ ಇರಬೇಕು. ಎರಡೂ ತಾಳೆಯಾಗದಿದ್ದರೆ ಸುಲಿಯುವವರ ಕೂಲಿ ಕೊಡುವ ಮೊದಲೇ ಇನ್ನೊಮ್ಮೆ ಎಣಿಸಿ.

ಮರವೊಂದರ ಲೆಕ್ಕ ಬೇಕಿದ್ದರೆ ಕ್ರಮ ಬೇರೆ. ಊರಿನ ಎತ್ತರದ ತಳಿಯಲ್ಲಿ ಬೀಜದ ಕಾಯಿಗೆ ತಾಯಿಮರ ಆರಿಸುವಾಗ ವರ್ಷಕ್ಕೆ 80ಕ್ಕಿಂತ ಹೆಚ್ಚು ಕಾಯಿ ಕೊಡುವ ಮರ ನೋಡುವುದು ವಾಡಿಕೆ. ಈ ಸಂಖ್ಯೆ ಅಂದಾಜಿನಲ್ಲಿ ಸಿಗುವುದಿಲ್ಲ. ಮರಕ್ಕೆ ಬಣ್ಣದಲ್ಲಿ ನಂಬರು ಬರೆದು, ಪ್ರತಿ ಕೊಯ್ಲಿಗೂ ಮರದ ಬುಡದಲ್ಲೇ ಎಣಿಸಿ, ಪುಸ್ತಕಕ್ಕೆ ಬರೆದು, ಆಮೇಲೆ ಸೊನ್ನೆ ಮಾಡಿ ಮುಂದಿನ ಮರಕ್ಕೆ ಹೋಗಿ. ಬರೆಯುವುದು ಮೊದಲು, ಸೊನ್ನೆ ಆಮೇಲೆ.

ಬೀಡಿಗೆ ಕಟ್ಟಿನ ಲೆಕ್ಕ ಸಾಕು. ಕಟ್ಟಿಗೆ 25ರಂತೆ 40 ಸಲ ಒತ್ತಿದರೆ ಸಾವಿರ. ತಲಪಾಡಿ ಹೆದ್ದಾರಿಯಲ್ಲಿ ವಾಹನ ಎಣಿಸುವುದಾದರೆ ಒಂದು ದಿಕ್ಕಿಗೆ ಒಬ್ಬರು, ಕಾಲು ಗಂಟೆಗೊಮ್ಮೆ ಬರೆದುಕೊಳ್ಳುವುದು. ಲಾರಿ, ಬಸ್ಸು, ಬೈಕು ಬೇರೆಬೇರೆ ಬೇಕಾದರೆ ಒಂದೊಂದಕ್ಕೆ ಒಂದೊಂದು ಕೌಂಟರ್. ಒಬ್ಬರೇ ಮೂರು ಹಿಡಿದುಕೊಳ್ಳುವುದು ಆಗುವ ಮಾತಲ್ಲ.

ಜಪಕ್ಕೆ ತೋರುಬೆರಳು ಬಳಸದ ಸಂಪ್ರದಾಯದವರು ಉಂಗುರವನ್ನು ನಡುಬೆರಳಿಗೆ ಹಾಕಿ ಹೆಬ್ಬೆರಳಿನಿಂದ ಒತ್ತಬಹುದು. ದಿನಕ್ಕೆ 10 ಮಾಲೆ, ಅಂದರೆ 1,080 ಜಪ ಮಾಡಿದರೆ ಲಕ್ಷ ಮುಗಿಯುವುದು 93ನೇ ದಿನ. ಆದರೆ 5 ಅಂಕಿಯ ಕೌಂಟರ್ 99,999 ದಾಟಿದ ಮೇಲೆ ಲಕ್ಷ ತೋರಿಸುವುದಿಲ್ಲ, ಸೊನ್ನೆಗೆ ಹೋಗುತ್ತದೆ. ಮೂರು ತಿಂಗಳ ಜಪ ಅಳಿಸಿಹೋಯಿತೆಂದು ಗಾಬರಿಯಾಗಬೇಡಿ. ದಿನದ ಕೊನೆಗೆ ಪಂಚಾಂಗದ ಅಂಚಿನಲ್ಲಿ ಅಂಕಿ ಬರೆದಿಟ್ಟರೆ ಬ್ಯಾಟರಿ ಸತ್ತರೂ ತೊಂದರೆಯಿಲ್ಲ.

ಇನ್ನು ಮಕ್ಕಳಿಗೆ ಇಷ್ಟವಾದ ವಿಷಯ, ಒತ್ತುವ ವೇಗ. ಒಟ್ಟು ಒತ್ತಿದ್ದನ್ನು ಸೆಕೆಂಡಿನಿಂದ ಭಾಗಿಸಿದರೆ ಆಯಿತು: 10 ಸೆಕೆಂಡಿನಲ್ಲಿ 64 ಎಂದರೆ ಸೆಕೆಂಡಿಗೆ 6.4. ಸಮಯ ನೋಡುವುದು ಇನ್ನೊಬ್ಬರ ಕೆಲಸ. ಒಬ್ಬರೇ ಮೊಬೈಲನ್ನೂ ಕೌಂಟರನ್ನೂ ಒತ್ತಲು ಹೋದರೆ ಶುರುವಿನಲ್ಲೇ ಸುಮಾರು 0.2 ಸೆಕೆಂಡು ಹೋಗುತ್ತದೆ. 5 ಸೆಕೆಂಡಿನ ಆಟದಲ್ಲಿ ಅದು 4 ಶೇಕಡಾ, ಸಣ್ಣ ಮೋಸವೇನಲ್ಲ. ಮೂರು ಸಲ ಮಾಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ಮಣಿಕಟ್ಟು ಮೇಜಿನ ಮೇಲಿರಲಿ, ಬೆರಳು ಗುಂಡಿಯಿಂದ ಪೂರ್ತಿ ಮೇಲೇಳದಿರಲಿ. ಎತ್ತಿದಷ್ಟೂ ಸಮಯ ವ್ಯರ್ಥ. ಇಡೀ ಕೈ ಬಿಗಿಮಾಡಿ ನಡುಗಿಸಿ ಒತ್ತುವವರಿದ್ದಾರೆ. ಅಂಕಿ ಏರುತ್ತದೆ, ಮೊಣಕೈವರೆಗೆ ನೋವೂ ಏರುತ್ತದೆ.

ಕೌಂಟರ್ ಈ ವೇಗಕ್ಕೆ ತಡೆಯುತ್ತದೋ ಎಂಬುದು ಬೇರೆ ಪ್ರಶ್ನೆ. ಒಂದೇ ಸಲ ಒತ್ತಿದರೂ ಒಳಗಿನ ಲೋಹದ ಸಂಪರ್ಕ ಕೆಲವು ಮಿಲಿಸೆಕೆಂಡು ಅದುರುತ್ತದೆ. ಅದನ್ನು ಎರಡು ಮೂರು ಎಂದು ಎಣಿಸದಿರಲು ಕೌಂಟರ್ ಸ್ವಲ್ಪ ಹೊತ್ತು ಕಿವುಡಾಗಿರುತ್ತದೆ. ಅಗ್ಗದ್ದರಲ್ಲಿ ಈ ಕಿವುಡುತನ ಜಾಸ್ತಿಯಿದ್ದರೆ ಬೇಗ ಒತ್ತಿದ್ದು ಬಿಟ್ಟುಹೋಗುತ್ತದೆ. ಪರೀಕ್ಷಿಸಲು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಬೆರಳನ್ನು ಚಿತ್ರೀಕರಿಸಿ, ನಿಧಾನವಾಗಿ ನೋಡಿ ಎಣಿಸಿ, ಪರದೆಯ ಅಂಕಿಗೆ ಹೋಲಿಸಿ. ಇದೇ ಕಾರಣಕ್ಕೆ ಕಂಪ್ಯೂಟರಿನ ಮೌಸ್ ಒತ್ತಿದ ವೇಗವನ್ನು ಉಂಗುರದ ಕೌಂಟರ್ ಒತ್ತಿದ ವೇಗಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಸೆಕೆಂಡಿಗೆ 6 ಸಲ ಒತ್ತುವ ಹುಡುಗನೂ ಕಾಯಿ ನೋಡಿ ಒತ್ತುವಾಗ 6 ಎಣಿಸಲಾರ. ಕಣ್ಣು ನೋಡಿ, ಹೌದೆಂದು ಒಪ್ಪಿ, ಬೆರಳಿಗೆ ಹೇಳಬೇಕಲ್ಲ! ಸೆಕೆಂಡಿಗೆ ಎರಡಕ್ಕಿಂತ ಬೇಗ ಏನಾದರೂ ಬರುತ್ತಿದ್ದರೆ ಜೋಡಿಯಾಗಿಯೋ ಐದೈದಾಗಿಯೋ ಎಣಿಸಿ.

ಕೆಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಹಸಿ ಅಡಿಕೆಯ ಚೊಗರು, ಬೆವರು, ಕಾಯಿಸಿಪ್ಪೆಯ ನಾರಿನ ಪುಡಿ ಗುಂಡಿಯ ಅಂಚಿನಲ್ಲಿ ಇಳಿದು ಅಂಟಾದರೆ ಒತ್ತಿದ್ದು ಮೇಲೆ ಬರುವುದಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಸುತ್ತ ಒರೆಸಿ, ನೀರು ಬೇಡ. ಒಂದಕ್ಕೆ ಎರಡು ಎಣಿಸತೊಡಗಿದರೆ ಸಂಪರ್ಕ ಸವೆದಿದೆ, ಹೊಸದೇ ಕೊಳ್ಳಿ. ಅಂಕಿ ಮಸುಕಾದರೆ ಬ್ಯಾಟರಿ. ಎಲ್‌ಆರ್44, ಎಲ್‌ಆರ್1130 ಎರಡೂ 1.5 ವೋಲ್ಟಿನವು, ಅಗಲವೂ ಒಂದೇ 11.6 ಮಿ.ಮೀ., ಆದರೆ ದಪ್ಪ 5.4 ಮತ್ತು 3.1 ಮಿ.ಮೀ. ಆದ್ದರಿಂದ ಹಳೆಯದರ ಬೆನ್ನಿನ ಅಕ್ಷರ ಓದಿಕೊಂಡೇ ಅಂಗಡಿಗೆ ಹೋಗಿ. ಸಂಪರ್ಕದ ತಗಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಬ್ಯಾಟರಿ ತೆಗೆದರೆ ಎಣಿಕೆ ಅಳಿಸಿಹೋಗುವುದು ಸಾಮಾನ್ಯ, ಮೊದಲು ಬರೆದುಕೊಳ್ಳಿ. ಹಳೆಯ ಬ್ಯಾಟರಿ ಮಗುವಿನ ಕೈಗೆ ಸಿಗದಿರಲಿ. ನುಂಗಿದರೆ ಅನ್ನನಾಳ ಸುಡುತ್ತದೆ, ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕೆಲಸದ ನಡುವೆ ಕೌಂಟರ್ ಕೈಕೊಟ್ಟರೆ ಅಂಗಡಿ ಲೆಕ್ಕದ ಕ್ಯಾಲ್ಕುಲೇಟರ್ ಸಾಕು. 0 + 1 ಎಂದು ಒತ್ತಿ; ಆಮೇಲೆ = ಒತ್ತಿದಷ್ಟು ಸಲ 1, 2, 3 ಎಂದು ಏರುತ್ತದೆ. ಹಾಗೆ ಏರದಿದ್ದರೆ 1 ಒತ್ತಿ, + ಅನ್ನು ಎರಡು ಸಲ ಒತ್ತಿ, ಪರದೆಯ ಮೂಲೆಯಲ್ಲಿ ಇಂಗ್ಲಿಷಿನ K ಅಕ್ಷರ ಬಂದ ಮೇಲೆ 0 ಮತ್ತು =.