ಅರ್ಜಿ, ಆಧಾರ್, ವಾಟ್ಸಾಪ್ ಒಂದೇ ಸ್ಕ್ರೀನಿನಲ್ಲಿ: ಫ್ಯಾನ್ಸಿಝೋನ್ಸ್ ಹೊಂದಿಸುವ ಬಗೆ

ವಿಜಯಪುರದ ಯಾವುದೇ ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ಮೂರು ವಿಂಡೋ ಬೇಕೇ ಬೇಕು: ಅರ್ಜಿಯ ಪುಟ, ಆಧಾರಿನ ಪಿಡಿಎಫ್, ಗಿರಾಕಿ ದಾಖಲೆ ಕಳಿಸಿದ ವಾಟ್ಸಾಪ್. ಆಲ್ಟ್+ಟ್ಯಾಬ್ ಒತ್ತುತ್ತ, 12 ಅಂಕಿ ನೆನಪಿನಲ್ಲಿಟ್ಟುಕೊಂಡು ಟೈಪ್ ಮಾಡುವಾಗಲೇ ಒಂದು ಅಂಕಿ ತಪ್ಪುತ್ತದೆ. ಅದಕ್ಕಾಗಿ ಹಳ್ಳಿಯಿಂದ ಬಂದವರು ಇನ್ನೊಮ್ಮೆ ಬಸ್ಸು ಹತ್ತಬೇಕಾಗುತ್ತದೆ. ಮೂರೂ ಕಣ್ಣೆದುರಿಗಿದ್ದರೆ ನೋಡಿ ನೋಡಿ ತುಂಬಬಹುದು.

ಮೈಕ್ರೋಸಾಫ್ಟ್ ಸ್ಟೋರಿನಿಂದ ಪವರ್‌ಟಾಯ್ಸ್ ಎಂಬ ಮೈಕ್ರೋಸಾಫ್ಟಿನದೇ ತಂತ್ರಾಂಶ ಹಾಕಿಕೊಳ್ಳಿರಿ, ಉಚಿತ. ವಿಂಡೋಸ್ 10 ಅಥವಾ 11 ಇರಬೇಕು. ಅದರೊಳಗೆ, ಸ್ಕ್ರೀನನ್ನು ಝೋನುಗಳೆಂಬ ಭಾಗಗಳಾಗಿ ಹಂಚಿ ವಿಂಡೋಗಳನ್ನು ಅವುಗಳಲ್ಲಿ ಕೂಡಿಸುವ ಫ್ಯಾನ್ಸಿಝೋನ್ಸ್ ಆನ್ ಮಾಡಿ, ವಿಂಡೋಸ್ ಕೀ, ಶಿಫ್ಟ್ ಮತ್ತು ಎಸ್ಕೇಪ್ ಕೆಳಗಿನ ಕೀ ಒಟ್ಟಿಗೆ ಒತ್ತಿದರೆ ಎಡಿಟರ್ ತೆರೆಯುತ್ತದೆ. ‘ಕ್ರಿಯೇಟ್ ನ್ಯೂ ಲೇಔಟ್’ ಒತ್ತಿ ‘ಗ್ರಿಡ್’ ಆರಿಸಿರಿ. ‘ಕ್ಯಾನ್ವಾಸ್’ ಬೇಡ, ಅದರಲ್ಲಿ ಝೋನುಗಳು ಒಂದರ ಮೇಲೊಂದು ಬೀಳಬಹುದು.

ಗ್ರಿಡ್ ಮೂರು ಕಂಬಗಳಿಂದ ಶುರುವಾಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಕ್ರೋಮ್ ವಿಂಡೋ ಸುಮಾರು 500 ಪಿಕ್ಸೆಲ್‌ಗಿಂತ ಕಿರಿದಾಗುವುದಿಲ್ಲ. 1366 ಅಗಲದ ಲ್ಯಾಪ್‌ಟಾಪಿನಲ್ಲಿ ಮೂರು ಕಂಬ ಮಾಡಿದರೆ ಒಂದೊಂದಕ್ಕೆ 455 ಸಿಗುತ್ತದೆ. ವಿಂಡೋ ಪಕ್ಕದ ಝೋನಿನ ಮೇಲೆ ಹತ್ತಿ ಕೂಡುತ್ತದೆ, ತಪ್ಪು ತಂತ್ರಾಂಶದ್ದಲ್ಲ. 1920 ಅಗಲವಿದ್ದರೂ ವಿಂಡೋಸಿನ ಸ್ಕೇಲ್ (ಅಕ್ಷರ, ಚಿತ್ರ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 125% ಆಗಿದ್ದರೆ ಆ 500 ಎಂಬುದು 625 ಆಗುತ್ತದೆ. ಝೋನುಗಳ ಸುತ್ತ ಮೊದಲಿಗೆ ಇರುವ 16 ಪಿಕ್ಸೆಲ್ ಅಂತರ, ಎರಡು ಅಂಚು ಮತ್ತು ನಡುವಿನ ಎರಡು ಸೇರಿ ನಾಲ್ಕು ಕಡೆ, 64 ನುಂಗುತ್ತದೆ, ಪ್ರತಿ ಕಂಬಕ್ಕೆ ಉಳಿಯುವುದು 618. ಅಂತರವನ್ನು 0 ಮಾಡಿರಿ, 640 ಸಿಗುತ್ತದೆ.

ಚಿಕ್ಕ ಸ್ಕ್ರೀನಿಗೆ ಎರಡು ಕಂಬವೇ ಸರಿ. ಒಂದು ಝೋನಿನಿಂದ ಪಕ್ಕದ್ದಕ್ಕೆ ಮೌಸ್ ಎಳೆದು ‘ಮರ್ಜ್’ ಒತ್ತಿದರೆ ಎರಡೂ ಕೂಡುತ್ತವೆ. ನಡುವಿನ ಗೆರೆ ಜರುಗಿಸಿ ಎಡಗಡೆ ಅರ್ಜಿಗೆ 800ರಷ್ಟು ಬಿಡಿರಿ. ಬಲಗಡೆಯ ಝೋನಿನೊಳಗೆ ಕ್ಲಿಕ್ ಮಾಡಿದರೆ ಅದು ಸೀಳುತ್ತದೆ; ಸೀಳುವ ಗೆರೆ ಲಂಬವಾಗಿ ನಿಂತಿದ್ದರೆ ಶಿಫ್ಟ್ ಹಿಡಿದು ಅಡ್ಡ ಮಾಡಿರಿ. ಮೇಲೆ ಆಧಾರ್, ಕೆಳಗೆ ವಾಟ್ಸಾಪ್. ‘ಸೇವ್’ ಮಾಡಿದ ಮೇಲೆ ಆ ಲೇಔಟನ್ನು ಕ್ಲಿಕ್ ಮಾಡಿ ಆರಿಸಲು ಮರೆಯಬೇಡಿರಿ.

ಕೂಡಿಸುವುದು ಸರಳ: ವಿಂಡೋದ ಮೇಲ್ಪಟ್ಟಿ ಹಿಡಿದು ಎಳೆಯತೊಡಗಿ, ಆಮೇಲೆ ಶಿಫ್ಟ್ ಒತ್ತಿರಿ. ಝೋನುಗಳು ಕಾಣುತ್ತವೆ, ಬೇಕಾದಲ್ಲಿ ಬಿಡಿರಿ. ಜೊತೆಗೆ ಕಂಟ್ರೋಲ್ ಹಿಡಿದರೆ ಒಂದೇ ವಿಂಡೋ ಎರಡು ಝೋನ್ ತುಂಬುತ್ತದೆ. ಪಹಣಿ ನೋಡುವಾಗ ಇದು ಬಹಳ ಉಪಯೋಗ. ಒಬ್ಬರ ಕೆಲಸ ಮುಗಿದ ಕೂಡಲೇ ಅವರ ಆಧಾರ್ ವಿಂಡೋ ಮುಚ್ಚಿರಿ, ಮುಂದಿನ ಗಿರಾಕಿ ಎದುರಿಗೇ ನಿಂತಿರುತ್ತಾರೆ.

ಎಲ್ಲ ವಿಂಡೋ ಕೂಡಿ, ಒಂದು ಮಾತ್ರ ಒಲ್ಲೆ ಅಂದರೆ ಅದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬಹುದು. ಸಾಮಾನ್ಯವಾಗಿ ತೆರೆದ ಪವರ್‌ಟಾಯ್ಸ್ ಅಂಥದ್ದನ್ನು ಜರುಗಿಸಲಾರದು. ಅದರ ಸೆಟ್ಟಿಂಗಿನ ‘ಜನರಲ್’ ಪುಟದಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ಶುರು ಮಾಡುವ ಗುಂಡಿ ಇದೆ, ಅದನ್ನು ಒತ್ತಿರಿ.