ಹೂಮಳೆಗೊಂದು, ಮುಂಗಾರಿಗೊಂದು: ಒಂದೇ ಟ್ಯಾಗ್‌ನಲ್ಲಿ ಜಾಹೀರಾತು

ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕೊಡಗಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಎರಡು ಮೂರು ದಿನದಲ್ಲಿ ಹೂ ಬಾಡಿಯೂ ಹೋಗುತ್ತದೆ. ಆ ಫೋಟೊ ಹಾಕಿ ಅಂತ ಹೋಂಸ್ಟೇಯವರು ಸುದ್ದಿತಾಣಕ್ಕೆ ಮೇಲ್ ಕಳಿಸಿ, ಅಲ್ಲಿನವರು ನೋಡಿ ಅಪ್‌ಲೋಡ್ ಮಾಡುವಷ್ಟರಲ್ಲಿ ಹೂವೂ ಇಲ್ಲ, ಗಿರಾಕಿಯೂ ಇಲ್ಲ. ಹೋಸ್ಟೆಡ್ ಆ್ಯಡ್ ಟ್ಯಾಗ್ ಕೆಲಸಕ್ಕೆ ಬರುವುದು ಇಂಥ ಕಡೆಯಲ್ಲೇ.

ಟ್ಯಾಗ್ ಅಂದರೆ ಕೆಲವೇ ಸಾಲಿನ ಕೋಡ್. ಜಾಹೀರಾತು ಇರುವುದು ಅದನ್ನು ತಾಣಗಳಿಗೆ ಕಳಿಸುವ ಕಂಪ್ಯೂಟರಾದ ಆ್ಯಡ್ ಸರ್ವರ್‌ನಲ್ಲಿ. ಸುದ್ದಿತಾಣದವರು ಕೋಡ್ ಮಾತ್ರ ಅಂಟಿಸಿಕೊಳ್ಳುತ್ತಾರೆ. ಓದುಗರು ಪುಟ ತೆರೆದಾಗ ಆ ಕೋಡ್ ಸರ್ವರ್‌ನಿಂದ ಜಾಹೀರಾತನ್ನು ಎಳೆದು ತರುತ್ತದೆ. ಸರ್ವರ್‌ನಲ್ಲಿ ಬದಲಿಸಿದರೆ ಎಲ್ಲ ತಾಣಗಳಲ್ಲೂ ಬದಲಾಯಿತು. ಸರಿಯುವ ಫೋಟೊ, ವಿಡಿಯೊ, ಬೆರಳಿಟ್ಟರೆ ಹಿಗ್ಗುವ ಬ್ಯಾನರ್ ಇವೆಲ್ಲ ಸಾಧ್ಯ. ಆದರೆ ನನ್ನ ಕೇಳಿದರೆ, ಥಳುಕಿಗಿಂತ ಈ ಬದಲಾಯಿಸುವ ಅನುಕೂಲವೇ ಜಾಸ್ತಿ.

ಮೊದಲು ತಾಣದವರನ್ನು ಕೇಳಿ: ಹೊರಗಿನ ಟ್ಯಾಗ್ ತಗೊಳ್ತೀರಾ? ಫೈಲಿನ ತೂಕಕ್ಕೆ ಎಷ್ಟು ಕೆಬಿ ಮಿತಿ? ಯಾವ ಅಳತೆ? ಸಾಮಾನ್ಯವಾಗಿ 300×250, ಮೊಬೈಲ್‌ಗೆ 320×50 ಪಿಕ್ಸೆಲ್ ಕೇಳುತ್ತಾರೆ. ಸಣ್ಣ ತಾಣಗಳು ಟ್ಯಾಗ್ ಬೇಡ ಅನ್ನಬಹುದು. ಅಲ್ಲಿಗೆ ಸುಮ್ನೆ ಒಂದು ಚಿತ್ರ ಕೊಟ್ಟರಾಯಿತು.

ಜಾಹೀರಾತನ್ನು ಎಚ್‌ಟಿಎಂಎಲ್ 5ರಲ್ಲಿ, ಅಂದರೆ ವೆಬ್ ಪುಟ ಕಟ್ಟುವ ಭಾಷೆಯಲ್ಲಿ, ಮಾಡಿಸಿ. ಅದಕ್ಕೆ ಗೂಗಲ್ ವೆಬ್ ಡಿಸೈನರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಲ್ಲಿ ಕನ್ನಡದ್ದೇ ಒಂದು ತಾಪತ್ರಯ ಇದೆ. ಅಕ್ಷರಗಳು ಒಂದೊಂದಾಗಿ ಮೂಡುವ ಅನಿಮೇಷನ್ ಇಂಗ್ಲಿಷಿಗೆ ಚೆಂದ. ಅದನ್ನೇ ಕನ್ನಡಕ್ಕೆ ಹಾಕಿದರೆ ‘ಕೊಡಗು’ ಅನ್ನುವಲ್ಲಿ ಮೊದಲು ‘ಕ’ ಬಂದು, ಒತ್ವದ ಗುರುತು ಬೇರೆಯಾಗಿ, ಚುಕ್ಕಿ ವೃತ್ತದ ಜೊತೆ ನೇತಾಡುತ್ತದೆ. ಒತ್ತಕ್ಷರ ಇದ್ದರಂತೂ ಕೇಳಲೇಬೇಡಿ. ಇಡೀ ಪದವನ್ನೇ ಒಟ್ಟಿಗೆ ತನ್ನಿ. ಕನ್ನಡ ಫಾಂಟ್ ಫೈಲಿನ ತೂಕವೂ ಮಿತಿಯನ್ನು ತಿಂದುಹಾಕುತ್ತದೆ. ನಾಲ್ಕು ಪದಕ್ಕೆ ಅದೇಕೆ, ಆ ಸಾಲನ್ನು ಫಾಂಟ್ ಬೇಡದ, ಗೆರೆಗಳಿಂದಾದ ಎಸ್‌ವಿಜಿ ಚಿತ್ರವಾಗಿಸಿ.

ಆಮೇಲೆ ಸರ್ವರ್‌ಗೆ ಹಾಕಿ, ಬುಕಿಂಗ್ ಪುಟದ ಲಿಂಕ್ ಕೊಟ್ಟು ಟ್ಯಾಗ್ ಪಡೆಯಿರಿ. ಎಲ್ಲ ಲಿಂಕೂ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಆಗಿರಲಿ. ಟ್ಯಾಗ್‌ನಲ್ಲಿ ಕ್ಲಿಕ್ ಮ್ಯಾಕ್ರೋ (ಕ್ಲಿಕ್ಕನ್ನು ತಾಣದವರ ಲೆಕ್ಕಕ್ಕೆ ಸೇರಿಸುವ ಕೋಡಿನ ತುಣುಕು), ಕ್ಯಾಶ್‌ಬಸ್ಟರ್ ಎರಡೂ ಇರಬೇಕು. ಮೊದಲನೆಯದು ಇಲ್ಲದಿದ್ದರೆ ಜನ ಒತ್ತಿದರೂ ತಾಣದವರ ಲೆಕ್ಕದಲ್ಲಿ ಕ್ಲಿಕ್ ಸೊನ್ನೆ. ಎರಡನೆಯದು ಪ್ರತಿ ಸಲ ಜಾಹೀರಾತಿನ ವಿಳಾಸಕ್ಕೆ ಹೊಸ ಸಂಖ್ಯೆ ಸೇರಿಸುತ್ತದೆ. ಇಲ್ಲದಿದ್ದರೆ ಬ್ರೌಸರ್ ತಾನು ಉಳಿಸಿಕೊಂಡ ಹಳೆಯದನ್ನೇ ತೋರಿಸೀತು.

ಇನ್ನು ಬದಲಿಸುವ ವಿಷಯ. ತಾಣದವರು ಒಪ್ಪಿದ್ದು ಒಂದು, ನೀವು ಹೇಳದೆ ತೋರಿಸಿದ್ದು ಇನ್ನೊಂದು ಅಂತಾದರೆ ಟ್ಯಾಗನ್ನೇ ನಿಲ್ಲಿಸಿಬಿಡಬಹುದು. ಅದಕ್ಕೇ ಶುರುವಿನಲ್ಲೇ ಮೂರ್ನಾಲ್ಕು ರೂಪ ತಯಾರಿಸಿ ಒಟ್ಟಿಗೆ ಒಪ್ಪಿಗೆ ಪಡೆಯಿರಿ: ಕಾಫಿ ಹೂವಿನದು, ಮುಂಗಾರಿನದು, ಪುತ್ತರಿ ಹಬ್ಬದ್ದು. ಜೊತೆಗೆ ‘ಸದ್ಯ ಬುಕಿಂಗ್ ಇಲ್ಲ’ ಅನ್ನುವ ಸಾದಾ ಚಿತ್ರವೂ ಒಂದಿರಲಿ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದು ರಸ್ತೆಗಳು ಬಂದ್ ಆದಾಗ ‘ಈ ವಾರಾಂತ್ಯ ಮಡಿಕೇರಿಗೆ ಬನ್ನಿ’ ಅಂತ ಬ್ಯಾನರ್ ಓಡುತ್ತಿದ್ದರೆ ಹೇಗಿರುತ್ತದೆ ಅಲ್ವಾ?

ಓಡಿಸುವ ಮೊದಲು ಟ್ಯಾಗನ್ನು ಖಾಲಿ ಪುಟದಲ್ಲಿ ಹಾಕಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಒತ್ತಿಯೂ ನೋಡಿ. ಇನ್ನೊಂದು, ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವ ನಿಮ್ಮ ಸರ್ವರ್ ಲೆಕ್ಕವೂ ತಾಣದವರ ಲೆಕ್ಕವೂ ಎಂದೂ ಸರಿಯಾಗಿ ತಾಳೆಯಾಗುವುದಿಲ್ಲ. ಶೇ 10ರೊಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಯಾರೂ ದೊಡ್ಡದು ಮಾಡುವುದಿಲ್ಲ. ಬಿಲ್ ಯಾರ ಲೆಕ್ಕದ ಮೇಲೆ ಅನ್ನುವುದನ್ನು ಮಾತ್ರ ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ.