ತೂತು ಚೀಲದ ಲೆಕ್ಕ: ಹಗ್ಗಾಯನನ್ನು ಓದಿ ನಿಮ್ಮ ಕೆಲಸ ಕಂಡುಕೊಳ್ಳುವುದು ಹೇಗೆ

ಬದುಕಿಗೊಂದು ಉದ್ದೇಶ ಬೇಕು ಅಂತ ಹುಡುಕುವವರು ದಪ್ಪ ದಪ್ಪ ಪುಸ್ತಕ ಹಿಡಿಯುತ್ತಾರೆ. ನಾನು ಹೇಳುತ್ತಿರುವುದು ಎರಡೇ ಅಧ್ಯಾಯ, 38 ವಚನ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಕೊನೆಯಿಂದ ಮೂರನೆಯದು, ಹೆಸರು ಹಗ್ಗಾಯ. ಚರ್ಚಿಗೆ ತಪ್ಪದೆ ಹೋಗುವ ನನ್ನ ಸ್ನೇಹಿತರಲ್ಲೇ ಎಷ್ಟೋ ಜನ ಅದನ್ನು ಓದಿಲ್ಲ. ನಾನು ಕ್ರೈಸ್ತನಲ್ಲ, ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಈ ಪ್ರವಾದಿ ನನಗೆ ಹಿಡಿಸಿದ್ದೂ ಅದಕ್ಕೇ. ಮನುಷ್ಯ ತಾರೀಕು ಹೇಳದೆ ಮಾತು ಶುರು ಮಾಡುವುದಿಲ್ಲ.

ಮೊದಲು ಹಿನ್ನೆಲೆ ಗೊತ್ತಿರಲಿ. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನವರು ಜೆರುಸಲೇಮಿನ ದೇವಾಲಯ ಸುಟ್ಟು, ಜನರನ್ನು ಸೆರೆ ಒಯ್ದರು. 538ರಲ್ಲಿ ಪರ್ಷಿಯಾದ ದೊರೆ ಸೈರಸ್ ಅವರನ್ನು ವಾಪಸ್ ಹೋಗಲು ಬಿಟ್ಟ. ಬಂದವರು ಅಡಿಪಾಯ ಹಾಕಿದರು, ಅಕ್ಕಪಕ್ಕದವರ ವಿರೋಧ ಎದ್ದಿತು, ಕೆಲಸ ನಿಂತಿತು. ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಡೇರಿಯಸ್ ದೊರೆಯ ಎರಡನೇ ವರ್ಷ, ಅಂದರೆ 520ರಲ್ಲಿ, ಆರನೇ ತಿಂಗಳ ಮೊದಲ ದಿನ ಹಗ್ಗಾಯ ಬಂದು ಕೇಳಿದ: ಇನ್ನೂ ಕಾಲ ಬಂದಿಲ್ಲ ಅನ್ನುತ್ತೀರಿ, ಹಾಗಾದರೆ ನಿಮ್ಮ ಮನೆಗೆ ಹಲಗೆ ಹೊದಿಸಿಕೊಳ್ಳಲು ಕಾಲ ಬಂತೇ?

ಈಗ ಓದುವ ಕ್ರಮ. ಒಂದೇ ಕೂರಿಕೆಯಲ್ಲಿ ಓದಿ, ಹತ್ತು ನಿಮಿಷ ಸಾಕು. ಎರಡನೇ ಸಲ ಪೆನ್ಸಿಲ್ ಹಿಡಿದು ತಾರೀಕಿಗೂ ಅಂಕಿಗೂ ಗೆರೆ ಎಳೆಯಿರಿ. ಹಗ್ಗಾಯ ಜನರಿಗೆ ಹೇಳುತ್ತಾನೆ: ಜಾಸ್ತಿ ಬಿತ್ತಿದ್ದೀರಿ, ಸ್ವಲ್ಪ ಬೆಳೆದಿದ್ದೀರಿ; ಕೂಲಿಯವನ ಸಂಬಳ ತೂತು ಚೀಲಕ್ಕೆ ಬೀಳುತ್ತಿದೆ. 20 ಅಳತೆಯ ರಾಶಿ ಅಂತ ಹೋದರೆ 10 ಇತ್ತು, 50 ತುಂಬಿಕೊಳ್ಳಲು ದ್ರಾಕ್ಷಾರಸದ ತೊಟ್ಟಿಗೆ ಹೋದರೆ 20 ಇತ್ತು. ಇದು ಶುದ್ಧ ಕಿರ್ದಿ ಪುಸ್ತಕ, ಅಲ್ವಾ?

ನೀವೂ ಒಂದು ಕಿರ್ದಿ ಬರೆಯಿರಿ. ಒಂದು ವಾರ ಸಾಕು. ಎಡಗಡೆ ದುಡ್ಡೂ ಹೊತ್ತೂ ಎಲ್ಲಿಗೆ ಹೋಯಿತು ಅಂತ. ಮೊಬೈಲ್ ನೋಡಿದ್ದು, ಮಂಡಿಯ ಕಟ್ಟೆಯಲ್ಲಿ ರಾಶಿ ಅಡಿಕೆಯ ರೇಟು ನಾಳೆ ಏನಾಗುತ್ತೆ ಅಂತ ಸುಮ್ನೆ ಹರಟಿದ್ದು, ಎಲ್ಲವೂ ಬರಲಿ. ಬಲಗಡೆ, "ಇನ್ನೂ ಕಾಲ ಬಂದಿಲ್ಲ" ಅಂತ ನೀವು ಹೇಳುತ್ತಾ ಬಂದಿರುವ ಕೆಲಸಗಳು. ಬಲಗಡೆ ಬರೆಯುವುದೇ ಕಷ್ಟ. ಮಗಳ ಮದುವೆ ಆಗಲಿ, ಕೊಯ್ಲು ಮುಗಿಯಲಿ, ರಿಟೈರ್ ಆಗಲಿ ಅನ್ನುವ ಮಾತು ಬಾಯಿಗೆ ಬಂದ ಕಡೆಯಲ್ಲೆಲ್ಲ ಒಂದು ಸಾಲು ಬರೆಯಿರಿ.

ಆಮೇಲೆ ಆ ಸಾಲುಗಳಲ್ಲಿ ಆಗಲೇ ಅಡಿಪಾಯ ಬಿದ್ದಿರುವುದನ್ನು ಆರಿಸಿ. ಇಡೀ ವಿಧಾನದಲ್ಲಿ ಮುಖ್ಯವಾದದ್ದು ಇದೇ. ಹಗ್ಗಾಯ ಯಾರಿಗೂ ಹೊಸ ಕನಸು ಕೊಡಲಿಲ್ಲ, ಎದುರಿಗೆ ಅರ್ಧಕ್ಕೆ ನಿಂತದ್ದನ್ನು ತೋರಿಸಿದ. ನನ್ನ ಪಟ್ಟಿಯಲ್ಲಿ ಗಿಟಾರ್ ಕಲಿಯುವುದೂ ಇತ್ತು, ಅದನ್ನು ಹೊಡೆದು ಹಾಕಿದೆ. ಉಳಿದದ್ದು ಒಂದು ಟ್ರಂಕು. ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಎದ್ದು ಹೊರಡಬೇಕಾಯಿತು. ಎಷ್ಟೋ ಮನೆಗಳಿಗೆ ಕೊಟ್ಟ ಜಾಗದ ಹಕ್ಕುಪತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ಅಪ್ಪ ನಮ್ಮದೂ ನೆಂಟರದೂ ಕಾಗದ ಆ ಟ್ರಂಕಿನಲ್ಲಿ ಕೂಡಿಡುತ್ತಾ ಹೋದರು, ಜೋಡಿಸಲಿಲ್ಲ. ಕಾಗದ ಜೋಡಿಸುವುದು ನನ್ನ ಕಸುಬು. ಊರಿಂದ ಎದ್ದು ಬಂದವರಿಗೆ ಆಡಿದ ಮಾತು ಹಗ್ಗಾಯನದು, ಅದೂ ನನ್ನನ್ನು ತಟ್ಟಿರಬೇಕು.

ಮುಂದಿನ ಹೆಜ್ಜೆ ಚಿಕ್ಕದಿರಲಿ. ಬೆಟ್ಟಕ್ಕೆ ಹೋಗಿ ಮರ ತನ್ನಿ ಅನ್ನುತ್ತಾನೆ ಹಗ್ಗಾಯ, ಅಷ್ಟೇ. (ಮಲೆನಾಡಿನಲ್ಲಿ ಇದನ್ನು ಅಕ್ಷರಶಃ ಮಾಡಬೇಡಿ, ಕೇಸು ಬೀಳುತ್ತದೆ.) ಆರನೇ ತಿಂಗಳ 24ಕ್ಕೆ ಜನ ಕೆಲಸಕ್ಕಿಳಿದರು, ಮೊದಲ ಮಾತಿನಿಂದ 23 ದಿನ. ನೀವೂ ಅಷ್ಟೇ ಗಡುವು ಇಟ್ಟುಕೊಳ್ಳಿ. ನಾನು ಮಾಡಿದ್ದು ಪಹಣಿ, ಪರಿಹಾರದ ರಸೀದಿ, ವಂಶವೃಕ್ಷ ಅಂತ ಬೇರೆ ಬೇರೆ ಫೈಲು ತಂದು ಹೆಸರು ಬರೆದದ್ದು. ಅರ್ಜಿ ಬರೆಯುವುದೆಲ್ಲ ಆಮೇಲಿನ ಮಾತು.

ಶುರು ಮಾಡಿ ತಿಂಗಳಾಗುವ ಮೊದಲೇ ಉತ್ಸಾಹ ಇಳಿಯುತ್ತದೆ. ಅದಕ್ಕೂ ತಾರೀಕಿದೆ: ಏಳನೇ ತಿಂಗಳ 21. ಹಳೆಯ ದೇವಾಲಯ ಕಂಡಿದ್ದ ಮುದುಕರಿಗೆ ಹೊಸದು ಏನೂ ಅಲ್ಲ ಅನ್ನಿಸುತ್ತಿತ್ತು. ಹಗ್ಗಾಯ ಅದನ್ನು ಮುಚ್ಚಿಡದೆ ತಾನೇ ಎತ್ತಿ ಕೇಳುತ್ತಾನೆ, ಆಮೇಲೆ ಧೈರ್ಯವಾಗಿರಿ, ಕೆಲಸ ಮಾಡಿ ಅನ್ನುತ್ತಾನೆ. "ಈಗ ಮಾಡಿ ಏನು ಬಂತು, ಮುಳುಗಿದ ಊರು ಎದ್ದು ಬರುತ್ತಾ" ಅಂತ ನಮ್ಮ ದೊಡ್ಡಪ್ಪ ಕೇಳಿದಾಗ ನಾನು ವಾದ ಮಾಡಲಿಲ್ಲ. ಅವರ ಹತ್ತಿರ ಇದ್ದ ರಸೀದಿ ಕೇಳಿ ಇಸಿದುಕೊಂಡೆ.

ಒಂಬತ್ತನೇ ತಿಂಗಳ ಪ್ರಶ್ನೆ ವಿಚಿತ್ರವಾಗಿದೆ, ಬಿಡಬೇಡಿ. ಪವಿತ್ರ ಮಾಂಸ ಕಟ್ಟಿಕೊಂಡ ಸೆರಗು ರೊಟ್ಟಿಗೆ ತಗುಲಿದರೆ ರೊಟ್ಟಿ ಪವಿತ್ರವಾಗುತ್ತಾ? ಇಲ್ಲ. ಮೈಲಿಗೆಯಾದವನು ಮುಟ್ಟಿದರೆ? ಮೈಲಿಗೆಯಾಗುತ್ತದೆ. ಒಳ್ಳೆಯದು ಹಾಗೆ ಸುಮ್ನೆ ಅಂಟುವುದಿಲ್ಲ ಅಂತ ನಾನು ಓದಿಕೊಂಡೆ. ಪ್ರವಚನ ಕೇಳುತ್ತಾ ಕೂತರೆ ಟ್ರಂಕು ತಾನಾಗಿ ಖಾಲಿಯಾಗುವುದಿಲ್ಲ.

ಒಂದು ಕಡೆ ಮಾತ್ರ ನಾನು ಹಗ್ಗಾಯನ ಜೊತೆ ಹೋಗುವುದಿಲ್ಲ. ಬೆಳೆಗೆ ರೋಗ, ಆಲಿಕಲ್ಲು ಬಂದದ್ದು ದೇವರ ಕೆಲಸ ಬಿಟ್ಟದ್ದಕ್ಕೆ ಅನ್ನುತ್ತಾನೆ. ಬಿಡುವಿಲ್ಲದ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟಬೇಕು. ತೋಟ ಹೋದವನ ಮನೆಗೆ ಈ ವಚನ ಹಿಡಿದುಕೊಂಡು ಹೋಗಬೇಡಿ. ನಿಮ್ಮ ಕೆಲಸ ಹಿಡಿದರೆ ದುಡ್ಡು ಬರುತ್ತದೆ ಅಂತಲೂ ಓದಿಕೊಳ್ಳಬೇಡಿ. ಅವನಿಗೆ ದೇವಾಲಯ ಅಂದರೆ ದೇವಾಲಯವೇ, ಅದು ಕ್ರಿ.ಪೂ. 515ರ ಸುಮಾರಿಗೆ ಮುಗಿಯಿತು. ಟ್ರಂಕು, ಫೈಲು ಎಲ್ಲ ನಾನು ಸೇರಿಸಿಕೊಂಡದ್ದು.

ಬಲಗಡೆಯ ಪಟ್ಟಿ ಪೂರ್ತಿ ಖಾಲಿ ಬಂತೇ? ಆಗಬಹುದು. ಯಾವುದಕ್ಕೂ ಮನಸ್ಸೇ ಇಲ್ಲದಷ್ಟು ಸೋತಿರುವವರಿಗೆ ಹಗ್ಗಾಯ ಬೇಡ, ಬೈಗುಳದ ಹಾಗೆ ಕೇಳುತ್ತಾನೆ. ಎರಡು ಪುಸ್ತಕ ಹಿಂದಕ್ಕೆ ಹೋಗಿ, ಹಬಕ್ಕೂಕ ಸಿಗುತ್ತಾನೆ. ಮೂರು ಅಧ್ಯಾಯ. ಅವನು ಶುರು ಮಾಡುವುದೇ ದೇವರ ಮೇಲಿನ ದೂರಿನಿಂದ.